ಕರಾವಳಿಯ ವಸಂತಕ್ಕೆ ಯಾವ ಹೂಗಿಡ?

ಜನವರಿ ಕೊನೆಗೆ ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನ ಮುಗಿಯುವಷ್ಟರಲ್ಲಿ ಮಂಗಳೂರಿನ ಎಷ್ಟೋ ಮನೆಗಳ ಸಿಟೌಟಿಗೆ ಪೆಟೂನಿಯಾ, ಸಾಲ್ವಿಯಾ, ಡೇಲಿಯಾ ಚಟ್ಟಿಗಳು ಬಂದು ಕೂತಿರುತ್ತವೆ. ಫೆಬ್ರವರಿ ಇಡೀ ನೋಡಲು ಚಂದ. ಮಾರ್ಚಿನಲ್ಲಿ ಸೆಖೆ ಏರಿದ ಹಾಗೆ ಎಲೆ ಬಾಡುತ್ತದೆ. ಏಪ್ರಿಲ್ ಮಧ್ಯದಲ್ಲಿ ಬಿಸು ಕಣಿ ಇಡುವ ಹೊತ್ತಿಗೆ ಚಟ್ಟಿಯಲ್ಲಿ ಒಣಗಿದ ಕಡ್ಡಿ ಮಾತ್ರ. ಮನೆಯವರು ತಮ್ಮ ಕೈಗುಣವನ್ನು ದೂರುತ್ತಾರೆ. ಕೈಗುಣಕ್ಕೂ ಇದಕ್ಕೂ ಸಂಬಂಧವಿಲ್ಲ. ಪೆಟೂನಿಯಾ, ಸಾಲ್ವಿಯಾಗಳನ್ನು ನರ್ಸರಿಯವರು ಬೆಳೆಸುವುದೇ ಒಂದು ಹಂಗಾಮಿಗೆ. ಡೇಲಿಯಾ ಗೆಡ್ಡೆಯಿಂದ ಮತ್ತೆ ಚಿಗುರುವ ಗಿಡ ಹೌದು, ಆದರೆ ಅದರ ತವರು ಮೆಕ್ಸಿಕೋದ ಎತ್ತರದ ತಂಪು ಪ್ರದೇಶ. ನಮ್ಮ ಜೂನ್ ಮಳೆಗೆ ಅದರ ಗೆಡ್ಡೆ ಕೊಳೆಯುತ್ತದೆ.

ಒಮ್ಮೆ ನೆಟ್ಟರೆ ವರ್ಷ ವರ್ಷವೂ ವಸಂತದಲ್ಲಿ ಹೂ ಕೊಡುವ ಗಿಡ ಬೇಕು ಎನ್ನುವವರು ಮೊದಲು ಕೇಳಬೇಕಾದದ್ದು ಎರಡೇ ಪ್ರಶ್ನೆ. ಈ ಗಿಡಕ್ಕೆ ಹೂ ಬಿಡಲು ಪ್ರೇರಣೆ ಏನು? ನಮ್ಮ ಮಳೆಗಾಲವನ್ನು ಅದು ದಾಟುತ್ತದೆಯೇ? ಬಣ್ಣ, ಎತ್ತರ, ಪರಿಮಳ ಎಲ್ಲ ಆಮೇಲೆ.

ಹೊರದೇಶದ ತೋಟಗಾರಿಕೆ ಪುಸ್ತಕಗಳಲ್ಲಿ ವಸಂತದ ಹೂ ಎಂದರೆ ಟುಲಿಪ್, ಡ್ಯಾಫೋಡಿಲ್, ಪಿಯೋನಿ. ಇವೆಲ್ಲ ಚಳಿಯನ್ನು ಲೆಕ್ಕ ಹಾಕುವ ಗಿಡಗಳು. ಟುಲಿಪ್‌ನ ಗೆಡ್ಡೆಯೊಳಗೆ ಹೂವಿನ ಮೊಗ್ಗು ಮೊದಲೇ ಸಿದ್ಧವಾಗಿರುತ್ತದೆ. ಆದರೆ ದಂಟು ಉದ್ದವಾಗಿ ಆ ಮೊಗ್ಗನ್ನು ಹೊರಗೆ ತರಬೇಕಾದರೆ 12ರಿಂದ 16 ವಾರ 9 ಡಿಗ್ರಿಗಿಂತ ಕೆಳಗಿನ ತಂಪು ಸಿಗಬೇಕು. ಮಂಗಳೂರಿನಲ್ಲಿ ಜನವರಿಯ ಬೆಳಗ್ಗೆಯೂ ಉಷ್ಣಾಂಶ 20 ಡಿಗ್ರಿಯ ಆಸುಪಾಸು. ಗೆಡ್ಡೆಯನ್ನು ಫ್ರಿಜ್ಜಿನಲ್ಲಿಟ್ಟು ಒಮ್ಮೆ ಹೂ ಬಿಡಿಸಬಹುದು. ಮರುವರ್ಷಕ್ಕೆ ಆ ಗೆಡ್ಡೆ ನಮ್ಮ ಸೆಖೆಯಲ್ಲಿ ಉಳಿಯುವುದಿಲ್ಲ. ಆನ್‌ಲೈನಿನಲ್ಲಿ ಬಣ್ಣದ ಚಿತ್ರ ತೋರಿಸಿ ಮಾರುವ ಟುಲಿಪ್ ಗೆಡ್ಡೆಗೆ ಕೊಟ್ಟ ದುಡ್ಡು ಒಂದೇ ಸಲದ ಹೂವಿಗೆ ಕೊಟ್ಟ ದುಡ್ಡು ಎಂದು ತಿಳಿದೇ ಕೊಡಬೇಕು.

ಚಳಿ ಇಲ್ಲದ ಊರಿನಲ್ಲಿ ಗಿಡಕ್ಕೆ ಕಾಲ ಗೊತ್ತಾಗುವುದು ಹೇಗೆ? ಹಗಲಿನ ಉದ್ದ ಸ್ವಲ್ಪ ಮಟ್ಟಿಗೆ ಹೇಳುತ್ತದೆ, ಆದರೆ ನಮ್ಮ ಅಕ್ಷಾಂಶದಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಅಷ್ಟೆ. ಅದಕ್ಕಿಂತ ಗಟ್ಟಿಯಾದ ಸೂಚನೆ ನೀರಿನದ್ದು. ನವೆಂಬರಿನ ಚದುರಿದ ಮಳೆ ನಿಂತ ಮೇಲೆ ಏಪ್ರಿಲ್‌ವರೆಗೆ ನೆಲ ಒಣಗುತ್ತಾ ಹೋಗುತ್ತದೆ. ಮಾವು, ಗೇರು ಹೂ ಬಿಡುವುದು ಈ ಒಣಗಾಲದಲ್ಲೇ. ಡಿಸೆಂಬರಿನಲ್ಲಿ ಅಕಾಲ ಮಳೆ ಬಿದ್ದರೆ ಮಾವಿನ ಮರ ಹೂವಿನ ಬದಲು ಚಿಗುರು ಹಾಕುವುದನ್ನು ನೋಡದವರು ಯಾರು? ಅಂಗಳದ ಹೂಗಿಡಗಳ ಕಥೆಯೂ ಅದೇ. ಕೆಲವು ಒಣಗಿದ್ದಕ್ಕೆ ಹೂ ಬಿಡುತ್ತವೆ, ಕೆಲವು ಕತ್ತರಿಸಿದ್ದಕ್ಕೆ, ಕೆಲವು ಒಣಗಿದ ಮೇಲೆ ಬಿದ್ದ ಮೊದಲ ಮಳೆಗೆ.

ನಮ್ಮ ಹೂವಿನ ವಸಂತವನ್ನು ಕೆಡ್ಡಸದಿಂದ ಪತ್ತನಾಜೆವರೆಗೆ ಎಂದು ಇಟ್ಟುಕೊಂಡರೆ ಲೆಕ್ಕ ಸಲೀಸು. ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಭೂಮಿತಾಯಿಯ ಹಬ್ಬ ಕೆಡ್ಡಸ. ಆ ಮೂರು ದಿನ ನೆಲ ಅಗೆಯುವ ಹಾಗಿಲ್ಲ, ಹಾಗಾಗಿ ತೋಟದ ಕೆಲಸವೂ ಅದಕ್ಕೆ ಮೊದಲೇ ಮುಗಿಯಬೇಕು. ಮೇ ಕೊನೆಯ ವಾರದ ಪತ್ತನಾಜೆಗೆ ಕೋಲ, ಯಕ್ಷಗಾನದ ಗೆಜ್ಜೆ ಬಿಚ್ಚುತ್ತಾರೆ, ಹಿಂದೆಯೇ ಮಳೆ. ಈ ಮೂರೂವರೆ ತಿಂಗಳಲ್ಲೇ ಊರಿನ ಜಾತ್ರೆ, ನೇಮ, ಮದುವೆ ಎಲ್ಲವೂ ಬರುವುದರಿಂದ ಹೂವಿನ ಅಗತ್ಯವೂ ಆಗಲೇ ಹೆಚ್ಚು.

ಇನ್ನು ಎರಡನೇ ಪ್ರಶ್ನೆ. ಹಿಮ ಬೀಳುವ ದೇಶದಲ್ಲಿ ಬಹುವಾರ್ಷಿಕ ಗಿಡಕ್ಕೆ ಪರೀಕ್ಷೆ ಚಳಿಗಾಲ. ಇಲ್ಲಿ ಪರೀಕ್ಷೆ ಜುಲೈ–ಆಗಸ್ಟಿನ ಆಟಿ ತಿಂಗಳು. ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ವಾರಗಟ್ಟಲೆ ಬಿಸಿಲು ಇರುವುದಿಲ್ಲ. ಬೇರಿಗೆ ಗಾಳಿ ಸಿಗುವುದಿಲ್ಲ, ಎಲೆಗೆ ಶಿಲೀಂಧ್ರ ಹಿಡಿಯುತ್ತದೆ, ಮಣ್ಣಿನಲ್ಲಿದ್ದ ಪೊಟ್ಯಾಷ್ ತೊಳೆದು ಹೋಗುತ್ತದೆ. ಬೆಂಗಳೂರಿನಿಂದ ಕಾರಿನ ಡಿಕ್ಕಿಯಲ್ಲಿ ತಂದ ಗಿಡಗಳು ಹೆಚ್ಚಾಗಿ ಸೋಲುವುದು ಇಲ್ಲೇ, ಬೇಸಿಗೆಯಲ್ಲಿ ಅಲ್ಲ. ಆದ್ದರಿಂದ ಯಾವ ಗಿಡವನ್ನೇ ಆರಿಸಿ, ಅದನ್ನು ಅಂಗಳದ ಮಟ್ಟಕ್ಕಿಂತ ಒಂದಡಿ ಎತ್ತರಿಸಿದ ಏರಿಯಲ್ಲಿ ನೆಡುವುದು ಕರಾವಳಿಯ ಮೊದಲ ನಿಯಮ. ಮುರಕಲ್ಲಿನ (ಜಂಬಿಟ್ಟಿಗೆಯ) ಮೇಲೆ ತೆಳುವಾಗಿ ಮಣ್ಣಿರುವ ಜಾಗದಲ್ಲಂತೂ ಗುಂಡಿ ತೋಡಿ ನೆಟ್ಟರೆ ಆ ಗುಂಡಿ ಮಳೆಗಾಲದಲ್ಲಿ ನೀರು ತುಂಬಿದ ಕೊಡವಾಗುತ್ತದೆ.

ಮಲ್ಲಿಗೆ: ಕತ್ತರಿಗೆ ಓಗೊಡುವ ಗಿಡ

ಉಡುಪಿ ಮಲ್ಲಿಗೆಯನ್ನು ಬಿಟ್ಟು ಈ ವಿಷಯ ಮಾತಾಡಲು ಬರುವುದಿಲ್ಲ. ಶಂಕರಪುರದ ಸುತ್ತಮುತ್ತ ಮನೆಮನೆಯ ಹಿತ್ತಿಲಲ್ಲಿ ಬೆಳೆಯುವ ಈ ಮಲ್ಲಿಗೆಗೆ ಮೈಸೂರು, ಹಡಗಲಿ ಮಲ್ಲಿಗೆಗಳ ಹಾಗೆಯೇ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಪೇಟೆಯಲ್ಲಿ ಇದರ ವ್ಯಾಪಾರ ಚೆಂಡು, ಅಟ್ಟೆಯ ಲೆಕ್ಕದಲ್ಲಿ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಚಳಿಗಾಲದಲ್ಲಿ ಕೈಗೆ ಸಿಗದಷ್ಟು ಏರುವ ಅಟ್ಟೆಯ ದರ ಮಾರ್ಚ್ ದಾಟಿದ ಮೇಲೆ ಇಳಿಯುತ್ತದೆ, ಏಕೆಂದರೆ ಗಿಡ ಮೈತುಂಬಾ ಹೂ ಬಿಡುವುದು ಆಗ. ಹಾಗಾಗಿ ಮನೆ ಬಳಕೆಗೆ ನಾಲ್ಕು ಗಿಡ ಬೆಳೆಸುವವರಿಗೆ ಇದರಷ್ಟು ನಂಬಿಕೆಯ ವಸಂತದ ಹೂ ಬೇರೆ ಇಲ್ಲ ಎಂದೇ ನನ್ನ ಅಭಿಪ್ರಾಯ.

ಆದರೂ "ಗಿಡ ದೊಡ್ಡದಾಗಿದೆ, ಹೂವೇ ಇಲ್ಲ" ಎಂಬ ದೂರು ಅತಿ ಹೆಚ್ಚು ಕೇಳುವುದೂ ಮಲ್ಲಿಗೆಯ ಬಗ್ಗೆಯೇ. ಕಾರಣ ಹೆಚ್ಚಾಗಿ ಎರಡು. ಒಂದು, ತೆಂಗಿನ ನೆರಳು. ದಿನಕ್ಕೆ ಆರು ಗಂಟೆ ನೇರ ಬಿಸಿಲು ಸಿಗದ ಕಡೆ ಮಲ್ಲಿಗೆ ಬಳ್ಳಿಯ ಹಾಗೆ ಹಬ್ಬಿ ಎಲೆ ತುಂಬಿಕೊಳ್ಳುತ್ತದೆ, ಅಷ್ಟೆ. ಇನ್ನೊಂದು, ಕತ್ತರಿಗೆ ಹಿಂಜರಿಯುವುದು. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆ ಗೆಲ್ಲು ಹಾಗೇ ಬಿಟ್ಟರೆ ಹೊಸ ಚಿಗುರಿಗೆ ಅವಕಾಶ ಎಲ್ಲಿ? ನವೆಂಬರ್ ಕೊನೆಗೆ ಒಂದೆರಡು ವಾರ ನೀರು ಕಡಿಮೆ ಮಾಡಿ, ಡಿಸೆಂಬರಿನಲ್ಲಿ ಬಲಿತ ಗಿಡವನ್ನು ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಬೇಕು. ಒಣ ಗೆಲ್ಲು, ಸಪೂರ ಗೆಲ್ಲು, ಉಳಿದ ಎಲೆ ಎಲ್ಲ ತೆಗೆಯಬೇಕು. ಅಜ್ಜಿಯಂದಿರು ಇದನ್ನು ನೋಡಿ ಹೊಟ್ಟೆ ಉರಿಸಿಕೊಳ್ಳಬಹುದು, ಆದರೆ ಆಮೇಲೆ ಬುಡ ಬಿಡಿಸಿ, ಹಟ್ಟಿಗೊಬ್ಬರ, ಸುಡುಮಣ್ಣು ಕೊಟ್ಟು ನೀರು ಶುರು ಮಾಡಿದರೆ ಗಿಡ ತಾನೇ ಉತ್ತರ ಕೊಡುತ್ತದೆ.

ಸುಡುಮಣ್ಣಿನ ಬಗ್ಗೆ ಒಂದು ಮಾತು. ತರಗೆಲೆ, ಕಸಕಡ್ಡಿ, ಮಣ್ಣು ಪದರ ಪದರವಾಗಿ ಪೇರಿಸಿ ಹೊಗೆಯಾಡುವಂತೆ ನಿಧಾನಕ್ಕೆ ಸುಟ್ಟರೆ ಸಿಗುವುದು ಕಳೆಬೀಜ ಸತ್ತ, ಹುಳದ ಕಾಟವಿಲ್ಲದ, ಬೂದಿ ಬೆರೆತ ಮಣ್ಣು. ಮಳೆ ತೊಳೆದುಕೊಂಡು ಹೋದ ಪೊಟ್ಯಾಷನ್ನು ಅದು ಸ್ವಲ್ಪ ಮಟ್ಟಿಗೆ ಹಿಂದಕ್ಕೆ ಕೊಡುತ್ತದೆ. ಹಿಂಡಿ ಹಾಕುವವರು ಕಡಲೆ ಹಿಂಡಿಯನ್ನು ನಾಲ್ಕು ದಿನ ನೀರಿನಲ್ಲಿ ಕೊಳೆಸಿ, ತೆಳ್ಳಗೆ ಮಾಡಿ ಬುಡಕ್ಕೆ ಹೊಯ್ಯುತ್ತಾರೆ. ವಾಸನೆಗೆ ಪಕ್ಕದ ಮನೆಯವರ ಒಪ್ಪಿಗೆ ಮೊದಲೇ ಪಡೆದಿರಬೇಕು.

ಹೊಸ ಚಿಗುರಿನ ತುದಿಯನ್ನು ಹತ್ತಿರದಿಂದ ನೋಡಿ. ಮೊಗ್ಗುಗಳು ಹೆಚ್ಚಾಗಿ ಮೂರರ ಗೊಂಚಲಿನಲ್ಲಿ ಬರುತ್ತವೆ. ನಡುವಿನದ್ದು ಮೊದಲು ಬೆಳ್ಳಗೆ ಉಬ್ಬುತ್ತದೆ, ಅಕ್ಕಪಕ್ಕದ ಎರಡು ಆಗಿನ್ನೂ ಹಸಿರು ಕಡ್ಡಿಯ ಹಾಗೆ ಇರುತ್ತವೆ. ಕೊಯ್ಯುವಾಗ ನಡುವಿನ ಮೊಗ್ಗನ್ನು ಮಾತ್ರ ಉಗುರಿನಿಂದ ಚಿವುಟಬೇಕು. ಅವಸರಕ್ಕೆ ಇಡೀ ತುದಿ ಮುರಿದರೆ ಮುಂದಿನ ಎರಡು ಹೂ ಹೋಯಿತು. ಬಿಳಿಯಾದ ಮೊಗ್ಗನ್ನು ಬೆಳಗ್ಗೆ ಕೊಯ್ದರೆ ಮುಸ್ಸಂಜೆಗೆ ಅದು ಮಾಲೆಯಲ್ಲೇ ಅರಳುತ್ತದೆ. ಮೊಗ್ಗಿನಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ ಒಳಗೆ ಹುಳ ಇದೆ ಎಂದರ್ಥ. ಅಂಥ ಮೊಗ್ಗನ್ನು ಕಿತ್ತು ದೂರ ಹಾಕಿ, ಲೀಟರಿಗೆ ಐದು ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನು ನೀರಿನೊಡನೆ ಕಲಸಿ ಸಂಜೆ ಸಿಂಪಡಿಸಬೇಕು.

ಮಲ್ಲಿಗೆಗೆ ಜಾಗವಿಲ್ಲದವರು ತಾರಸಿಯಲ್ಲಿ ಡ್ರಮ್ಮು, ಚಟ್ಟಿಗಳಲ್ಲಿ ಬೆಳೆಸುತ್ತಿದ್ದಾರೆ. ಅಲ್ಲಿ ಬಿಸಿಲಿಗೆ ಕೊರತೆ ಇಲ್ಲ, ಕತ್ತರಿಸಲು ಬಗ್ಗುವ ಕಷ್ಟವೂ ಇಲ್ಲ. ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಸಿದವರಿಗೆ ಹೇಗೂ ಅದೊಂದೇ ದಾರಿ.

ಕೇಪಳ ಮತ್ತು ಗೋಡೆಯ ಸಿಮೆಂಟು

ತುಳುವಿನಲ್ಲಿ ಕೇಪುಳ, ಕೆಲವೆಡೆ ಕಿಸ್ಕಾರ ಎಂದೂ ಕರೆಯುವ ಕೆಂಪು ಕೇಪಳ (ಇಕ್ಸೋರಾ) ನಮ್ಮ ಮುರಕಲ್ಲಿನ ಗುಡ್ಡದ್ದೇ ಗಿಡ. ಯಾರೂ ನೀರು ಹೊಯ್ಯದ ಗುಡ್ಡದಲ್ಲಿ ಬೇಸಿಗೆಯಿಡೀ ಕೆಂಪಾಗಿ ನಿಲ್ಲುತ್ತದೆ, ನಾಲ್ಕು ತಿಂಗಳ ಮಳೆಯನ್ನೂ ತಡೆಯುತ್ತದೆ. ಎರಡೂ ಪ್ರಶ್ನೆಗೆ ಇದರಷ್ಟು ಸಲೀಸಾಗಿ ಉತ್ತರಿಸುವ ಗಿಡ ಕಡಿಮೆ. ನರ್ಸರಿಯಲ್ಲಿ ಸಿಗುವ ಗಿಡ್ಡ ತಳಿಗಳು ಹಳದಿ, ಗುಲಾಬಿ, ಕಿತ್ತಳೆ ಬಣ್ಣಗಳಲ್ಲಿ ಬರುತ್ತವೆ, ಬೇಲಿಯಂತೆ ಸಾಲಾಗಿ ನೆಡಲು ಅನುಕೂಲ. ನನಗೆ ಮಾತ್ರ ಆಳೆತ್ತರದ ಊರಿನ ಕೆಂಪು ಕೇಪಳವೇ ಇಷ್ಟ. ಅದಕ್ಕೆ ಚಿಟ್ಟೆ, ಸೂರಕ್ಕಿಗಳು ಬರುತ್ತವೆ, ಹಣ್ಣನ್ನು ಮಕ್ಕಳು ತಿನ್ನುತ್ತಾರೆ.

ಕೇಪಳಕ್ಕೆ ಹುಳಿ ಮಣ್ಣು ಬೇಕು, ಕರಾವಳಿಯ ಕೆಂಪು ಮಣ್ಣು ಸಹಜವಾಗಿಯೇ ಹುಳಿ. ಹಾಗಿದ್ದೂ ಹೊಸ ಮನೆ ಕಟ್ಟಿದವರ ಅಂಗಳದಲ್ಲಿ, ಅದರಲ್ಲೂ ಗೋಡೆ, ಪಾಗಾರದ (ಕಂಪೌಂಡಿನ) ಬುಡದಲ್ಲಿ ನೆಟ್ಟ ಕೇಪಳ ಹಳದಿಯಾಗುವುದುಂಟು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ನರಗಳು ಹಸಿರಾಗಿಯೇ ಇರುತ್ತವೆ, ನರಗಳ ನಡುವೆ ಮಾತ್ರ ಹಳದಿ. ಅದೂ ತುದಿಯ ಎಳೆ ಎಲೆಗಳಲ್ಲಿ ಮೊದಲು. ಇದು ಕಬ್ಬಿಣದ ಕೊರತೆಯ ಲಕ್ಷಣ. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಎಂದಲ್ಲ, ಮುರಕಲ್ಲಿನ ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ. ಗಾರೆಯವರು ಬುಡದಲ್ಲಿ ಉದುರಿಸಿ ಹೋದ ಸಿಮೆಂಟು, ಸುಣ್ಣದ ಚೂರು ಮಣ್ಣನ್ನು ಕ್ಷಾರ ಮಾಡುತ್ತದೆ, ಕ್ಷಾರ ಮಣ್ಣಿನಲ್ಲಿ ಕಬ್ಬಿಣ ಬೇರಿಗೆ ಎಟಕುವ ರೂಪದಲ್ಲಿ ಇರುವುದಿಲ್ಲ. ಮೇಲಿಂದ ಮೇಲೆ ಗೊಬ್ಬರ ಹಾಕಿದರೆ ಏನೂ ಆಗದು. ಒಂದಡಿ ಆಳಕ್ಕೆ ಕೆದಕಿ ಚೂರು ಹೆಕ್ಕಿ ತೆಗೆದು, ಕೊಳೆತ ತರಗೆಲೆ ತುಂಬಬೇಕು. ಹಾಗೆಯೇ ಮಲ್ಲಿಗೆಗೆ ಒಳ್ಳೆಯದೆಂದು ಕೇಪಳಕ್ಕೂ ಬೂದಿ ಸುರಿಯಬಾರದು, ಬೂದಿಯೂ ಕ್ಷಾರವೇ.

ಕೇಪಳದ ಹೂಗೊಂಚಲು ಬರುವುದು ಗೆಲ್ಲಿನ ತುದಿಯಲ್ಲಿ. ಬೇಲಿ ನೇರ ಕಾಣಲಿ ಎಂದು ಫೆಬ್ರವರಿಯಲ್ಲಿ ಕತ್ತರಿ ಆಡಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತೆ. ಸವರುವ ಕೆಲಸ ಮಳೆ ಹಿಡಿದ ಮೇಲೆ.

ನೆಲದಡಿಯಲ್ಲಿ ಕಾಯುವ ಗೆಡ್ಡೆಗಳು

ಟುಲಿಪ್ ಆಸೆ ಬಿಟ್ಟವರಿಗೆ ಸಮಾಧಾನದ ಸುದ್ದಿ ಇದೆ. ಚಳಿಯ ಬದಲು ಒಣಗಾಲವನ್ನು ಲೆಕ್ಕ ಹಾಕುವ ಗೆಡ್ಡೆಗಳೂ ಇವೆ, ನಮ್ಮ ಹಳೆ ಮನೆಗಳ ತುಳಸಿಕಟ್ಟೆಯ ಸುತ್ತ ಅವು ಎಷ್ಟೋ ಕಾಲದಿಂದ ಇವೆ. ಮಾರ್ಚ್–ಏಪ್ರಿಲಿನಲ್ಲಿ ಟೊಳ್ಳು ದಂಟಿನ ತುದಿಗೆ ಎರಡರಿಂದ ನಾಲ್ಕು ಕೇಸರಿಗೆಂಪು ಹೂ ಬಿಡುವ ಲಿಲ್ಲಿಯನ್ನು ಎಲ್ಲರೂ ನೋಡಿರುತ್ತಾರೆ. ಶಾಸ್ತ್ರೀಯವಾಗಿ ಅದು ಹಿಪ್ಪಿಯಾಸ್ಟ್ರಮ್, ಅಮೆರಿಕದ ಉಷ್ಣವಲಯದಿಂದ ಬಂದದ್ದು. ಮಳೆಗಾಲದಲ್ಲಿ ಎಲೆ ಬೆಳೆಸಿ ಗೆಡ್ಡೆ ತುಂಬಿಸಿಕೊಳ್ಳುತ್ತದೆ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮಲಗುತ್ತದೆ, ಆಮೇಲೆ ಎಲೆಗೂ ಮೊದಲು ಹೂವಿನ ದಂಟು ಏಳುತ್ತದೆ. ಮಲಗಿದ ತಿಂಗಳುಗಳಲ್ಲಿ ದಿನಾ ನೀರು ಹಾಕಿದರೆ ಹಸಿರು ಎಲೆಯ ಪೊದೆ ಸಿಗುತ್ತದೆ, ಹೂ ಸಿಗುವುದಿಲ್ಲ. ನೆಡುವಾಗ ಗೆಡ್ಡೆಯ ಕುತ್ತಿಗೆ ಮಣ್ಣಿನಿಂದ ಮೇಲಿರಬೇಕು, ಪೂರ್ತಿ ಹೂತರೆ ಮಳೆಗೆ ಕೊಳೆಯುತ್ತದೆ. ಮಳೆ ಶುರುವಾದ ಮೇಲೆ ಕಪ್ಪು ಮೈಯಲ್ಲಿ ಬಿಳಿ, ಕೆಂಪು ಚುಕ್ಕೆಯ ಹುಳಗಳು ಎಲೆಯನ್ನು ಬುಡದವರೆಗೂ ಮೇಯುತ್ತವೆ. ದಿನ ಬಿಟ್ಟು ದಿನ ನೋಡಿ ಕೈಯಲ್ಲೇ ಹೆಕ್ಕುವುದಕ್ಕಿಂತ ಒಳ್ಳೆಯ ಔಷಧ ಇಲ್ಲ.

ಮೇ ಹೂ ಅಥವಾ ಫುಟ್ಬಾಲ್ ಲಿಲ್ಲಿ ಆಫ್ರಿಕಾದ್ದು. ಬೇಸಿಗೆಯ ಮೊದಲೆರಡು ಮಳೆ ಬಿದ್ದದ್ದೇ ಬೋಳು ನೆಲದಿಂದ ಕೆಂಪು ಚೆಂಡು ಎದ್ದು ಬರುತ್ತದೆ. ಆ ಚೆಂಡು ಒಂದು ಹೂವಲ್ಲ, ನೂರಾರು ಸಣ್ಣ ಹೂಗಳ ಗುಂಪು. ಒಂದು ಗೆಡ್ಡೆಗೆ ವರ್ಷಕ್ಕೆ ಒಂದೇ ಚೆಂಡು, ಅದೂ ವಾರ ಹತ್ತು ದಿನ. ಅಷ್ಟಕ್ಕೆ ಜಾಗ ಯಾಕೆ ಎನ್ನುವವರು ಬೇರೆ ಗಿಡದ ಬುಡದಲ್ಲಿ ಇಪ್ಪತ್ತು ಗೆಡ್ಡೆ ಒಟ್ಟಿಗೆ ಹಾಕಿ ನೋಡಬೇಕು. ಮಳೆ ಲಿಲ್ಲಿಯದ್ದೂ ಅದೇ ರೀತಿ: ಒಣಗಿದ ಮೇಲೆ ನೆನೆದರೆ ಹೂ. ಚಟ್ಟಿಯಲ್ಲಿದ್ದರೆ ಮೂರು ನಾಲ್ಕು ವಾರ ನೀರು ನಿಲ್ಲಿಸಿ, ಆಮೇಲೆ ಒಮ್ಮೆ ಚೆನ್ನಾಗಿ ನೆನೆಸಿ ಆಟ ನೋಡಬಹುದು. ಈ ಗೆಡ್ಡೆಗಳೆಲ್ಲ ತಿಂದರೆ ವಿಷ, ನಾಯಿ ಮರಿ, ಪುಟ್ಟ ಮಕ್ಕಳಿರುವ ಮನೆಯಲ್ಲಿ ಎಚ್ಚರ.

ಇನ್ನು ಗೆಡ್ಡೆಯಲ್ಲದ ಗಿಡಗಳು. ಅಬ್ಬಲಿಗೆ, ಅಂದರೆ ಕನಕಾಂಬರ, ಹೆಚ್ಚುಕಡಿಮೆ ವರ್ಷವಿಡೀ ಹೂ ಬಿಡುವ ಗಿಡ, ಬೇಸಿಗೆಯಲ್ಲಿ ಇನ್ನಷ್ಟು. ಮಧ್ಯಾಹ್ನದ ನಂತರ ನೆರಳು ಬೀಳುವ ಜಾಗ ಅದಕ್ಕೆ ಹಿಡಿಸುತ್ತದೆ, ಮಲ್ಲಿಗೆ ಸೋಲುವ ಮೂಲೆಗೆ ಇದು ಸರಿ. ಇದರ ಶತ್ರು ಮಣ್ಣಿನೊಳಗಿನ ಜಂತುಹುಳ. ಬಾಡಿದ ಗಿಡ ಕಿತ್ತಾಗ ಬೇರಿನಲ್ಲಿ ಗಂಟು ಗಂಟು ಕಂಡರೆ ಅದೇ ಜಾಗದಲ್ಲಿ ಮತ್ತೆ ಅಬ್ಬಲಿಗೆ ನೆಡಬೇಡಿ, ಸುಡುಮಣ್ಣು ಮತ್ತು ಬೇವಿನ ಹಿಂಡಿ ತುಂಬಿದ ಚಟ್ಟಿಗೆ ಹೋಗಿ. ಬೀಜದಿಂದ ಗಿಡ ಮಾಡುವವರು ಒಣಗಿದ ತೆನೆಯನ್ನು ನೀರಿಗೆ ಹಾಕಿ ನೋಡಿ: ಸ್ವಲ್ಪ ಹೊತ್ತಿನಲ್ಲೇ ಕಾಯಿ ಟಪ್ ಎಂದು ಸಿಡಿದು ಬೀಜ ಮಾರುದೂರ ಹಾರುತ್ತದೆ. ಮಳೆ ಬಂದಾಗ ಅಂಗಳದ ತುಂಬಾ ಅಬ್ಬಲಿಗೆ ಮೊಳಕೆ ಬರುವುದು ಹೀಗೆ. ಡೆಲ್ಲಿ ಅಬ್ಬಲಿಗೆ ಎಂದು ಕೊಡುವ ದೊಡ್ಡ ಹೂವಿನ ತಳಿಗೆ ಮಾತ್ರ ಬೀಜ ಕಟ್ಟುವುದಿಲ್ಲ, ಗೆಲ್ಲಿನಿಂದಲೇ ಸಸಿ ಮಾಡಬೇಕು.

ಬೋಗನ್‌ವಿಲ್ಲಾ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಪಾಗಾರದ ಮೇಲೆ ಬಿಸಿಲಿಗೆ ಬಿಡಿ, ಡಿಸೆಂಬರ್ ನಂತರ ಎಲೆ ಬಾಗುವವರೆಗೆ ನೀರು ಹಾಕಬೇಡಿ. ಪ್ರೀತಿ ಜಾಸ್ತಿಯಾದರೆ ಮುಳ್ಳು ಮತ್ತು ಎಲೆ ಮಾತ್ರ ಬರುತ್ತದೆ. ಮಲ್ಪೆ, ಉಳ್ಳಾಲದ ಹಾಗೆ ಉಪ್ಪುಗಾಳಿ, ಹೊಯಿಗೆ (ಮರಳು) ನೆಲ ಇರುವಲ್ಲಿ ಇದು, ಗೋಸಂಪಿಗೆ, ನಿತ್ಯಪುಷ್ಪ ಈ ಮೂರನ್ನು ನೆಚ್ಚಿಕೊಳ್ಳಬಹುದು. ಗೋಸಂಪಿಗೆಯ ಗೆಲ್ಲನ್ನು ಜನವರಿಯಲ್ಲಿ ಕಡಿದು, ಹಾಲು ಒಣಗಲು ಒಂದು ವಾರ ನೆರಳಿನಲ್ಲಿಟ್ಟು ನೆಟ್ಟರೆ ಬೇರು ಬರುತ್ತದೆ. ಸುರಗಿ, ರೆಂಜೆಗಳ ಪರಿಮಳಕ್ಕೆ ಮರುಳಾಗಿ ಐದು ಸೆಂಟ್ಸ್ ಜಾಗದಲ್ಲಿ ನೆಡುವವರಿದ್ದಾರೆ. ಅವು ದೊಡ್ಡ ಮರಗಳು, ಅರ್ಧ ಎಕರೆ ಹಿತ್ತಿಲು ಇದ್ದವರಿಗೆ.

ನೀರಿನ ಲೆಕ್ಕ

ಇಷ್ಟು ಮಳೆ ಬೀಳುವ ಊರಿನಲ್ಲಿ ಹೂವಿನ ಕಾಲಕ್ಕೆ ಸರಿಯಾಗಿ ನೀರಿಲ್ಲ ಎಂಬುದೇ ವಿಚಿತ್ರ. ಏಪ್ರಿಲ್–ಮೇನಲ್ಲಿ ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟು, ಉಡುಪಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟು. ಎರಡರಲ್ಲೂ ನೀರು ತಳ ಕಂಡು ಸರಬರಾಜಿಗೆ ಕತ್ತರಿ ಬಿದ್ದ ವರ್ಷಗಳಿವೆ. ಕಡಲ ಬದಿಯ ಬಾವಿಗಳಲ್ಲಿ ಆಗ ನೀರು ಸವುಳು, ಅಂದರೆ ಉಪ್ಪುಪ್ಪು. ಮಲ್ಲಿಗೆ, ಅಬ್ಬಲಿಗೆಗಳಿಗೆ ಬೇಸಿಗೆಯಲ್ಲೂ ನೀರು ತಪ್ಪಿಸುವಂತಿಲ್ಲ, ಸವುಳು ನೀರು ಅವುಗಳಿಗೆ ಆಗುವುದೂ ಇಲ್ಲ. ಕೇಪಳ, ಬೋಗನ್‌ವಿಲ್ಲಾ, ಗೆಡ್ಡೆಗಳು ನೀರಿಲ್ಲದೆಯೂ ನಡೆಸಿಕೊಂಡು ಹೋಗುತ್ತವೆ. ಹಾಗಾಗಿ ಎಷ್ಟು ಮಲ್ಲಿಗೆ ಗಿಡ ಎಂಬುದನ್ನು ಮೇ ತಿಂಗಳ ಬಾವಿ ನೋಡಿ ತೀರ್ಮಾನಿಸಬೇಕು, ಸೆಪ್ಟೆಂಬರಿನ ಬಾವಿ ನೋಡಿ ಅಲ್ಲ. ನಾಲ್ಕು ಮಲ್ಲಿಗೆ ಬಾವಿಕಟ್ಟೆಯ ಹತ್ತಿರ, ಪಾಗಾರದುದ್ದಕ್ಕೆ ಕೇಪಳ, ಅದರ ಬುಡದಲ್ಲಿ ಲಿಲ್ಲಿ ಮತ್ತು ಮೇ ಹೂವಿನ ಗೆಡ್ಡೆ, ಪಶ್ಚಿಮದ ಬಿಸಿಲಿಗೆ ಒಂದು ಬೋಗನ್‌ವಿಲ್ಲಾ. ಐದು ಸೆಂಟ್ಸಿನ ಮನೆಗೆ ಇದು ಧಾರಾಳ. ಬುಡಗಳಿಗೆ ತೆಂಗಿನ ಸಿಪ್ಪೆಯನ್ನು ಕವುಚಿ ಮುಚ್ಚಿದರೆ ತೇವ ಉಳಿಯುತ್ತದೆ. ಮಳೆಗಾಲದಲ್ಲಿ ಮಾತ್ರ ಅದನ್ನು ತೆಗೆದಿಡಬೇಕು, ಇಲ್ಲದಿದ್ದರೆ ಬಸವನಹುಳಕ್ಕೆ ಮನೆ ಕಟ್ಟಿಕೊಟ್ಟ ಹಾಗೆ.

ಕೊಳ್ಳುವುದು ಯಾವಾಗ? ಹೂ ಬಿಟ್ಟ ಗಿಡವನ್ನು ಫೆಬ್ರವರಿಯಲ್ಲಿ ತರುವ ಆಸೆ ಸಹಜ, ಆದರೆ ಬೇರೂರುವ ಮೊದಲೇ ಅದು ಬೇಸಿಗೆ ಎದುರಿಸಬೇಕಾಗುತ್ತದೆ. ಮಲ್ಲಿಗೆ, ಕೇಪಳಗಳನ್ನು ಮಳೆಯ ರಭಸ ಇಳಿದ ಸೆಪ್ಟೆಂಬರಿನಲ್ಲಿ ನೆಟ್ಟರೆ ಉಳಿದ ಮಳೆಯಲ್ಲೇ ಬೇರು ಹಿಡಿಯುತ್ತದೆ. ನರ್ಸರಿಯಲ್ಲಿ ಗಿಡದ ಎತ್ತರ ನೋಡಿ ಮರುಳಾಗದೆ ಪ್ಲಾಸ್ಟಿಕ್ ತೊಟ್ಟೆಯ ತಳ ನೋಡಿ. ಬೇರು ಸುತ್ತಿ ಸುತ್ತಿ ಗಂಟಾಗಿದ್ದರೆ ಅಂಥದ್ದನ್ನು ಬಿಟ್ಟು ಸಣ್ಣದನ್ನೇ ತನ್ನಿ. ಲಿಲ್ಲಿ, ಮೇ ಹೂವಿಗೆ ದುಡ್ಡು ಕೊಡುವ ಅಗತ್ಯವೇ ಇಲ್ಲ. ನೆರೆಯ ಹಳೆ ಮನೆಯವರ ಹತ್ತಿರ ಕೇಳಿ ನೋಡಿ, ತಾಯಿಗೆಡ್ಡೆಯ ಸುತ್ತ ಮರಿಗೆಡ್ಡೆಗಳು ಒತ್ತಿಕೊಂಡಿರುವುದರಿಂದ ಒಕ್ಕಿ ಕೊಟ್ಟರೆ ಅವರ ಗಿಡಕ್ಕೂ ಉಪಕಾರ. ಎಲೆ ಹಣ್ಣಾಗಿ ಗೆಡ್ಡೆ ಮಲಗುವ ಡಿಸೆಂಬರ್–ಜನವರಿ ಅದಕ್ಕೆ ಸರಿಯಾದ ಹೊತ್ತು. ನಿಂಬೆಹಣ್ಣಿಗಿಂತ ಸಣ್ಣ ಗೆಡ್ಡೆ ಮೊದಲ ವರ್ಷ ಎಲೆ ಮಾತ್ರ ಕೊಟ್ಟರೆ ಕಿತ್ತೆಸೆಯಬೇಡಿ, ಅದು ತುಂಬಿಕೊಳ್ಳಲು ಒಂದೆರಡು ಮಳೆಗಾಲ ಬೇಕು.